ಚೀನಾ ಕಂಡುಬಂದವರಿಗೆ ಒಂದು ಪ್ರಶ್ನೆ

ಈಚೆಗೆ ನಮ್ಮ ಬಡಾವಣೆಯಲ್ಲಿ ಚೀನಾ ನೋಡಿಬಂದವರ ಸಂಖ್ಯೆ ಹೆಚ್ಚುತ್ತಿದೆ. 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನಸಂಚಾರ 2025ರ ಅಕ್ಟೋಬರಿನಲ್ಲಿ ಮತ್ತೆ ಮೊದಲಾದ ಮೇಲಂತೂ ಕೇಳುವುದೇ ಬೇಡ. ಕಾಶಿಗೆ ಹೋದವರು ಗಂಗೆಯ ಗಿಂಡಿ ತರುವಂತೆ ಇವರೆಲ್ಲರೂ ತಪ್ಪದೆ ಒಂದು ಛಾಯಾಚಿತ್ರ ತರುತ್ತಾರೆ. ಅದರಲ್ಲಿ ಮಹಾಗೋಡೆಯಿಲ್ಲ, ಮನುಷ್ಯರೂ ಇಲ್ಲ. ರೈಲುಡಬ್ಬಿಯ ಬಾಗಿಲ ಮೇಲಿನ ಒಂದು ಹಲಗೆ, ಅದರಲ್ಲಿ ಮಿನುಗುವ ಅಂಕಿ: ಗಂಟೆಗೆ 348 ಕಿಲೋಮೀಟರು.

ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು ಕಳೆದ ತಿಂಗಳು ಈ ಚಿತ್ರವನ್ನು ಪರದೆಯ ಮೇಲೆ ತೋರಿಸಿ ಒಂದು ಗಂಟೆ ಮಾತನಾಡಿದರು. ಬೀಜಿಂಗಿನಿಂದ ಶಾಂಘೈಗೆ 1,318 ಕಿಲೋಮೀಟರು, ನಾಲ್ಕೂವರೆ ಗಂಟೆ. 2008ರಲ್ಲಿ ಬೀಜಿಂಗ್–ತಿಯಾಂಜಿನ್ ನಡುವೆ ಆರಂಭವಾದದ್ದು 2024ರ ಕೊನೆಗೆ 48,000 ಕಿಲೋಮೀಟರಾಯಿತು. "ನಾವು ತಲೆ ತಗ್ಗಿಸಬೇಕು ಸ್ವಾಮಿ" ಎಂದು ಮುಗಿಸಿದರು. ಸಭೆ ತಲೆ ತಗ್ಗಿಸಿ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನ ಒಬ್ಬರು ಮಾತ್ರ "ಅಲ್ಲಿ ಎಲ್ಲವೂ ಸರ್ಕಾರ ಹೇಳಿದಂತೆ, ತೋರಿಕೆಗೆ" ಎಂದು ಗೊಣಗಿದರು. ಅವರು ಚೀನಾಕ್ಕೆ ಹೋದವರಲ್ಲ.

ಹೇಳಿದ ಅಂಕಿಗಳೆಲ್ಲ ನಿಜ. ಆ ಗಾಡಿಯಲ್ಲಿ ಕುಳಿತು ಬಾಯಿ ಬಿಟ್ಟವರಲ್ಲಿ ನಾನೂ ಒಬ್ಬ. ನನ್ನ ಜಗಳ ಅಂಕಿಯೊಡನೆ ಅಲ್ಲ. ಹತ್ತು ದಿನ ಆ ದೇಶದಲ್ಲಿ ರೈಲು ಹತ್ತಿ ಇಳಿದವರು ಅರ್ಧ ರೈಲನ್ನು ಮಾತ್ರ ನೋಡಿ ಬಂದು ಊರಿಗೆ ಉಪದೇಶ ಮಾಡುತ್ತಾರೆ, ಬಿಟ್ಟುಬಂದ ಅರ್ಧವೇ ನಮಗೆ ಬೇಕಾಗಿದ್ದದ್ದು ಎಂಬುದೇ ನನ್ನ ತಕರಾರು.

ನಾವು ಹೋದದ್ದು ಐವರು: ನಿವೃತ್ತ ಬ್ಯಾಂಕ್ ಅಧಿಕಾರಿ ದಂಪತಿಗಳು, ಇಬ್ಬರು ಎಂಜಿನಿಯರ್ ಹುಡುಗರು, ನಾನು. ಎಲ್ಲರ ಬೆನ್ನ ಮೇಲೂ ಒಂದೊಂದು ಚೀಲ. ದಂಪತಿಗಳ ಚೀಲದಲ್ಲಿ ಬಟ್ಟೆಗಿಂತ ಅವಲಕ್ಕಿ, ಚಟ್ನಿಪುಡಿಗಳೇ ಹೆಚ್ಚು. ಬೀಜಿಂಗಿನಿಂದ ಶಿಯಾನ್‌ಗೆ ವೇಗದ ಗಾಡಿಯಿದ್ದರೂ, ಹೋಟೆಲಿನ ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆಂದು ಹಳೆಯ ರಾತ್ರಿ ಗಾಡಿಯನ್ನೇ ಹಿಡಿದೆವು. ಅವರು 'ಗಟ್ಟಿ ಮಲಗು' ಎಂದು ಕರೆಯುವ ದರ್ಜೆ. ಹೆಸರಿಗೆ ಗಟ್ಟಿ, ಹಾಸಿಗೆ ಹೊದಿಕೆ ಎಲ್ಲ ಇವೆ. ಮೂರು ಅಂತಸ್ತು, ಎದುರುಬದುರು ಆರು ಮಂದಿ, ಬಾಗಿಲಿಲ್ಲ. ಕಿಟಕಿಯ ಪಕ್ಕದ ಓಣಿಯಲ್ಲಿ ಮಡಿಸುವ ಪುಟ್ಟ ಪೀಠಗಳು. ಡಬ್ಬಿಯ ತುದಿಯಲ್ಲಿ ಕುದಿನೀರಿನ ನಲ್ಲಿ. ಆ ನಲ್ಲಿಯ ಮುಂದೆ ನಿಂತು ನಾನು ಕಲಿತಷ್ಟು ಚೀನಾವನ್ನು ಯಾವ ವಸ್ತುಸಂಗ್ರಹಾಲಯವೂ ಕಲಿಸಲಿಲ್ಲ. ಇಡೀ ಡಬ್ಬಿ ಅಲ್ಲಿಗೆ ಬರುತ್ತದೆ: ಚಹದ ಎಲೆ ಹಾಕಿದ ಬಾಟಲಿ ಹಿಡಿದ ಮುದುಕರು, ನೂಡಲ್ಸಿನ ಬಟ್ಟಲು ಹಿಡಿದ ಮಕ್ಕಳು. ನಮ್ಮ ಗೊಜ್ಜವಲಕ್ಕಿಯೂ ಅಲ್ಲೇ ನೆನೆಯಿತು. ಕೆಳಗಿನ ಮಲಗುಹಲಗೆಯ ಅಜ್ಜಿ ಒಂದು ಹಿಡಿ ಸೂರ್ಯಕಾಂತಿ ಬೀಜ ಕೊಟ್ಟು, ಮೊಮ್ಮಗನ ಫೋನಿನ ಅನುವಾದದ ಮೂಲಕ ಮೂರು ಪ್ರಶ್ನೆ ಕೇಳಿದಳು: ಎಷ್ಟು ಮಕ್ಕಳು, ಎಷ್ಟು ಸಂಬಳ, ಮಗಳಿಗೆ ಮದುವೆ ಯಾವಾಗ? ಹಾಸನದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಜ್ಜಿ ಕೇಳುವುದೂ ಇದನ್ನೇ, ಇದೇ ಕ್ರಮದಲ್ಲಿ.

ಶಿಯಾನಿನಲ್ಲಿ ನಮ್ಮ ತಂಡಕ್ಕೆ ಒಡಕು ಬಂತು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಮಣ್ಣಿನ ಸೈನ್ಯವನ್ನು ನೋಡಲು ಎಲ್ಲರೂ ಹೋದೆವು. ಸೈನಿಕರಿಗಿಂತ ಮುಂದಿನವರ ತಲೆಗಳನ್ನೇ ಹೆಚ್ಚು ನೋಡಿದೆವು. ಮರುದಿನ ದೊಡ್ಡ ಬಾತುಹಕ್ಕಿಯ ಗೋಪುರಕ್ಕೆ ಹೋಗೋಣವೆಂದರೆ "ಗೋಪುರ ಬೀಜಿಂಗಿನಲ್ಲೂ ಆಯಿತಲ್ಲ ಮೇಷ್ಟ್ರೇ" ಎಂದರು ಬ್ಯಾಂಕಿನವರು. ನಾನೊಬ್ಬನೇ ಹೋದೆ. ಹ್ಯೂಯೆನ್‌ತ್ಸಾಂಗ್ ಭಾರತದಿಂದ ತಂದ ಗ್ರಂಥಗಳಿಗಾಗಿ 652ರಲ್ಲಿ ಕಟ್ಟಿಸಿದ ಗೋಪುರ ಅದು. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು, ಹರ್ಷನಿಗೂ ಮಣಿಯದ ಆ ದೊರೆಯ ವಿಷಯವನ್ನು ಬರೆದಿಟ್ಟ ಮನುಷ್ಯ. ಕನ್ನಡಿಗನಾದವನು ಆ ಊರಿಗೆ ಹೋಗಿ ಅವನ ಬಾಗಿಲಿಗೆ ಹೋಗದೆ ಬರುವುದು ನನ್ನ ಮಟ್ಟಿಗೆ ಮರ್ಯಾದೆಯಲ್ಲ. ಆ ಯಾತ್ರಿಕ ಏನು ಬರೆದ? ನೆಲ ಹೇಗಿದೆ, ಏನು ಬೆಳೆಯುತ್ತಾರೆ, ಜನದ ಸ್ವಭಾವವೇನು, ಉಪಕಾರಕ್ಕೆ ಹೇಗೆ ನಡೆಯುತ್ತಾರೆ, ಅವಮಾನಕ್ಕೆ ಹೇಗೆ ನಡೆಯುತ್ತಾರೆ. ದಾರಿಯ ಅಳತೆಯನ್ನೂ ಕೊಟ್ಟಿದ್ದಾನೆ. ಆದರೆ ಅದು ಊರಿಗೂ ಊರಿಗೂ ಇರುವ ದೂರ, ತಾನು ಎಷ್ಟು ಬೇಗ ನಡೆದೆನೆಂಬ ಲೆಕ್ಕವಲ್ಲ.

ಶಿಯಾನಿನಿಂದ ಚೆಂಗ್ಡುವಿಗೆ 2017ರಲ್ಲಿ ತೆರೆದ ವೇಗದ ಹಾದಿಯಲ್ಲಿ ಹೋದೆವು. ಚಿನ್‌ಲಿಂಗ್ ಪರ್ವತಗಳನ್ನು ದಾಟುವ ಹಾದಿ. ಅದರ ಕಷ್ಟವನ್ನು ಕುರಿತು ಕವಿ ಲಿ ಬೈ ಬರೆದ ಕವಿತೆ ಚೀನಾದ ಶಾಲೆಯ ಮಕ್ಕಳಿಗೂ ಗೊತ್ತು. ಕಿಟಕಿಗೆ ಮೂಗು ಒತ್ತಿ ಕುಳಿತೆ. ಕಂಡದ್ದು ಕತ್ತಲೆ, ಕತ್ತಲೆಯಲ್ಲಿ ನನ್ನದೇ ಮುಖ. ಆ ಪರ್ವತದ ಭಾಗ ಬಹುಪಾಲು ಸುರಂಗದಲ್ಲೇ ಹೋಗುತ್ತದೆ. ಎಂಜಿನಿಯರ್ ಹುಡುಗರು ಆ ಹೊತ್ತಿಗೂ ಹಲಗೆಯ ಅಂಕಿಯ ಚಿತ್ರ ತೆಗೆಯುತ್ತಿದ್ದರು.

ಚೆಂಗ್ಡುವಿನಲ್ಲಿ ಎಲ್ಲರೂ ಪಾಂಡಾ ನೋಡಲು ಹೊರಟಾಗ ನಾನು ಇನ್ನೂ ದಕ್ಷಿಣಕ್ಕೆ, ಲಿಯಾಂಗ್‌ಶಾನ್ ಸೀಮೆಯ ಶಿಚಾಂಗಿಗೆ ಹೋಗಿ ಬೇರೊಂದು ಗಾಡಿ ಹತ್ತುತ್ತೇನೆಂದೆ. 1970ರಲ್ಲಿ ಮುಗಿದ ಚೆಂಗ್ಡು–ಕುನ್‌ಮಿಂಗ್ ಹಳೆಯ ಹಾದಿಯಲ್ಲಿ, ಪುಶ್ಯೋಂಗ್ ಮತ್ತು ಪಾಂಜಿಹುವಾ ನಡುವೆ ಓಡುವ ನಿಧಾನದ ಗಾಡಿ. ಸಂಖ್ಯೆ 5633, ಹಿಂದಿರುಗುವಾಗ 5634. ಬ್ಯಾಂಕಿನವರು ನಕ್ಕರು. "ಮೇಷ್ಟ್ರೇ, ದುಡ್ಡು ಕೊಟ್ಟು ಪ್ಯಾಸೆಂಜರ್ ಗಾಡಿಯಲ್ಲಿ ಕೂರಲು ಇಷ್ಟು ದೂರ ಬರಬೇಕಿತ್ತೆ? ಅರಸೀಕೆರೆಯಲ್ಲಿ ಇರಲಿಲ್ಲವೆ?"

ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಹುಡುಗರಲ್ಲೊಬ್ಬ, ಪಾಪ, ನನ್ನ ಜೊತೆಗೆ ಬಂದ. ಶಿಚಾಂಗಿನವರೆಗೆ ನಾವೂ ವೇಗದ ಗಾಡಿಯಲ್ಲೇ ಹೋದೆವೆಂಬುದನ್ನು ಮುಚ್ಚಿಡುವುದಿಲ್ಲ. ಅಲ್ಲಿಂದ ಪುಶ್ಯೋಂಗಿನ ಕಡೆಗೆ ಹಸಿರು ಬಣ್ಣದ ಗಾಡಿ. ಒಂದು ಡಬ್ಬಿಯಲ್ಲಿ ಆಸನಗಳನ್ನು ತೆಗೆದು ಪ್ರಾಣಿಗಳಿಗೂ ಸರಕಿಗೂ ಜಾಗ ಬಿಟ್ಟಿದ್ದಾರೆ. ಹಂದಿಮರಿ, ಕೋಳಿ, ತರಕಾರಿಯ ಬುಟ್ಟಿ. ಬುಟ್ಟಿಗಳ ಜೊತೆಗೆ ಯಿ ಜನಾಂಗದ ಹೆಂಗಸರು, ಶಾಲೆಯ ಚೀಲದ ಮಕ್ಕಳು. ಇಡೀ ಹಾದಿ 353 ಕಿಲೋಮೀಟರು, 26 ನಿಲ್ದಾಣ. ಕನಿಷ್ಠ ದರ 2 ಯುವಾನ್. ಈ ತುದಿಯಿಂದ ಆ ತುದಿಗೆ 25.5 ಯುವಾನ್, ಅಂದರೆ ನಮ್ಮ 300 ರೂಪಾಯಿಯ ಆಸುಪಾಸು. ಈ ದರ 1995ರಿಂದ ಬದಲಾಗಿಲ್ಲ. ಇಂಥ ನಿಧಾನದ ಗಾಡಿಗಳು ಆ ದೇಶದಲ್ಲಿ ಇನ್ನೂ ಹತ್ತಾರಿವೆ. ಲಾಭಕ್ಕಲ್ಲ, ಬೆಟ್ಟದ ಜನಕ್ಕೆಂದು ತಿಳಿದೇ ಓಡಿಸುತ್ತಾರೆ. ನಷ್ಟವೆಂದು ನಿಲ್ಲಿಸಿಲ್ಲ. ಪಕ್ಕದಲ್ಲೇ 2022ರಲ್ಲಿ ಹೊಸ ಹಾದಿ ಬಂದ ಮೇಲೂ ನಿಲ್ಲಿಸಿಲ್ಲ.

ಸುರಂಗ ಇಲ್ಲೂ ಇದ್ದವು, ಆರು ಕಿಲೋಮೀಟರು ಮೀರಿದ್ದೂ ಒಂದು. ಆದರೆ ಕತ್ತಲಾದಾಗ ಎದುರಿಗಿದ್ದದ್ದು ನನ್ನ ಮುಖವಲ್ಲ. ಮಡಿಲಲ್ಲಿ ಕೋಳಿ ಇಟ್ಟುಕೊಂಡ ಹೆಂಗಸು. ಆಕೆಗೆ ಕೋಳಿ ಮಾರಾಟವಾಗಲಿಲ್ಲವೆಂಬ ಬೇಸರವಿತ್ತು. ಅಷ್ಟನ್ನು ಅರ್ಥಮಾಡಿಕೊಳ್ಳಲು ಅನುವಾದ ಬೇಕಾಗಲಿಲ್ಲ.

ಕನ್ನಡ ಮೇಷ್ಟರ ಕಣ್ಣು ಹಲಗೆಯ ಮೇಲೆ ಬೀಳದಿರುತ್ತದೆಯೆ? ಆ ಸೀಮೆಯ ಫಲಕಗಳಲ್ಲಿ ಹಾನ್ ಲಿಪಿಯ ಜೊತೆಗೆ ಯಿ ಲಿಪಿಯೂ ಇದೆ. 819 ಅಕ್ಷರಗಳು, 1980ರಲ್ಲಿ ಸರ್ಕಾರ ಒಪ್ಪಿದ್ದು. ಫಲಕದ ಮೇಲೆ ಲಿಪಿ ಉಂಟು. ನಮ್ಮ ಮುಂದೆ ಕುಳಿತ ಹುಡುಗಿ ಫೋನಿನಲ್ಲಿ ಬೆರಳಾಡಿಸುತ್ತಿದ್ದದ್ದು ಮಾತ್ರ ಹಾನ್ ಲಿಪಿಯಲ್ಲಿ. ಇದನ್ನು ಕುರಿತು ಇತರರಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿ ಕನ್ನಡಿಗರು ಇಲ್ಲವಾದ್ದರಿಂದ ಬಾಯಿ ಮುಚ್ಚಿಕೊಂಡೆ.

"ಬಡತನವನ್ನು ನೋಡಿ ಸಂತೋಷಪಡುತ್ತೀರಿ, ಆ ಹೆಂಗಸಿಗೆ ದುಡ್ಡಿದ್ದರೆ ಆಕೆಯೂ ವೇಗದ ಗಾಡಿಯನ್ನೇ ಹತ್ತುತ್ತಿದ್ದಳು" ಎಂದು ಯಾರಾದರೂ ಹೇಳಬಹುದು. ನನ್ನ ಜೊತೆಯ ಹುಡುಗ ಅಲ್ಲೇ ಹೇಳಿದ. ಮಾತು ಸರಿ. ನಿಧಾನದ ಸೊಗಸನ್ನು ಹಾಡುವುದು ಹಿಂದಿರುಗುವ ವಿಮಾನದ ಟಿಕೆಟ್ಟು ಜೇಬಿನಲ್ಲಿದ್ದವನಿಗೆ ಸುಲಭ. ಆದರೆ ನಾನು ಹೇಳುವುದು ಸೊಗಸಿನ ಮಾತಲ್ಲ, ದರದ ಮಾತು. 348 ಕಿಲೋಮೀಟರಿನ ಗಾಡಿಯನ್ನು ಓಡಿಸುವ ಸರ್ಕಾರವೇ 2 ಯುವಾನಿನ ಗಾಡಿಯನ್ನೂ ಓಡಿಸುತ್ತದೆ. ಮೊದಲನೆಯದನ್ನು ಪರದೆಯ ಮೇಲೆ ತೋರಿಸಿ ಎರಡನೆಯದನ್ನು ಬಿಡುವುದು ಅರ್ಧ ಸತ್ಯ. ಎಲ್ಲವೂ ತೋರಿಕೆಗೆಂದು ಗೊಣಗಿದವರಿಗೂ ಇದನ್ನೇ ಹೇಳುತ್ತೇನೆ: ಹಂದಿಮರಿಗೆ ಡಬ್ಬಿ ಕೊಡುವುದು ಯಾರ ತೋರಿಕೆಗೆ?

ಈಗ ಅರಸೀಕೆರೆ. ಅಲ್ಲಿ ಪ್ಯಾಸೆಂಜರ್ ಗಾಡಿ ಇರಲಿಲ್ಲವೆ? ಇತ್ತು. 2020ರಲ್ಲಿ ಕೋವಿಡ್ ಬಂದಾಗ ದೇಶದ ಪ್ಯಾಸೆಂಜರ್ ಗಾಡಿಗಳೆಲ್ಲ ನಿಂತವು. ಮರಳಿ ಬಂದಾಗ ಅವೇ ಡಬ್ಬಿ, ಅವೇ ನಿಲ್ದಾಣ. ಹೆಸರು ಮಾತ್ರ ಎಕ್ಸ್‌ಪ್ರೆಸ್. 10 ರೂಪಾಯಿ ಇದ್ದ ಕನಿಷ್ಠ ದರ 30 ಆಯಿತು. 2024ರ ಫೆಬ್ರುವರಿ ಕೊನೆಗೆ ಹಳೆಯ ದರ ಮರಳುವವರೆಗೆ ತರಕಾರಿ ಬುಟ್ಟಿಯವಳು, ಕಾಲೇಜಿನ ಹುಡುಗ, ಗಾರೆಕೆಲಸದವನು ಮೂರುಪಟ್ಟು ಕೊಟ್ಟು ಪ್ರಯಾಣ ಮಾಡಿದರು. ನನ್ನ ತರಗತಿಯಲ್ಲೇ ಆ ವರ್ಷಗಳಲ್ಲಿ ವಾರಕ್ಕೆ ಮೂರು ದಿನ ಮಾತ್ರ ಬರುತ್ತಿದ್ದ ಮಕ್ಕಳಿದ್ದರು. ಹಾಜರಿ ಕಡಿಮೆಯೆಂದು ನಾನು ಗದರಿಸಿದ್ದೇನೆ. ಕಾರಣ ಕೇಳಿದ್ದು ತಡವಾಗಿ. ಆ ನಾಲ್ಕು ವರ್ಷಗಳಲ್ಲಿ ನಮ್ಮ ಬಡಾವಣೆಯಲ್ಲಿ ಇದಕ್ಕಾಗಿ ಯಾರೂ ತಲೆ ತಗ್ಗಿಸಿದ್ದನ್ನು ನಾನು ಕಾಣೆ.

ಮಿತ್ರರ ಉಪನ್ಯಾಸದ ಎರಡನೆಯ ಭಾಗ ಮುಂದಿನ ಭಾನುವಾರ ಇದೆಯಂತೆ. ವಿಷಯ, 'ಚೀನಾದ ವೇಗದಿಂದ ನಾವು ಕಲಿಯಬೇಕಾದದ್ದು'. ನಾನು ಹೋಗುತ್ತೇನೆ. ಪ್ರಶ್ನೆಗೆ ಅವಕಾಶ ಕೊಟ್ಟರೆ 5633ರ ಟಿಕೆಟ್ಟಿನ ಬೆಲೆ ಎಷ್ಟೆಂದು ಕೇಳುತ್ತೇನೆ.