ಹೈಟೆನ್ಶನ್ ತಂತಿ: ಮುಟ್ಟದಿದ್ದರೆ ಅಪಾಯವಿಲ್ಲವೇ?

"ಕಾಗೆ ಕೂತರೂ ಏನೂ ಆಗಲ್ಲ, ಮುಟ್ಟದಿದ್ದರೆ ನಮಗೂ ಏನಾಗಲ್ಲ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧಸತ್ಯ.

ವಿದ್ಯುತ್ ಹುಟ್ಟುವ ಜಾಗ ಒಂದು, ಬಳಸುವ ಜಾಗ ಇನ್ನೊಂದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದ್ದು ಇಂಥ ಪ್ರಸರಣ ಮಾರ್ಗವೇ. ದೂರ ಹೆಚ್ಚಿದಷ್ಟೂ ತಂತಿ ಬಿಸಿಯಾಗಿ ಪೋಲಾಗುವ ವಿದ್ಯುತ್ತೂ ಹೆಚ್ಚು. ಅಷ್ಟೇ ವಿದ್ಯುತ್ತನ್ನು 10 ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವ ಕರೆಂಟ್ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ನಷ್ಟ ನೂರನೇ ಒಂದು ಭಾಗಕ್ಕೆ. ಅದಕ್ಕೇ ಮನೆಗೆ 230 ವೋಲ್ಟ್ ಸಾಕಾದರೂ ದೊಡ್ಡ ಟವರ್‌ಗಳ ಮೇಲೆ 2,20,000 ಅಥವಾ 4,00,000 ವೋಲ್ಟ್ ಇರುತ್ತದೆ. ಟ್ರಾನ್ಸ್‌ಫಾರ್ಮರ್‌ಗಳು ಅದನ್ನು ಹಂತಹಂತವಾಗಿ ಇಳಿಸುತ್ತವೆ.

ಈ ತಂತಿಗಳಿಗೆ ರಬ್ಬರ್ ಹೊದಿಕೆ ಇಲ್ಲ; ಸುತ್ತಲಿನ ಗಾಳಿಯೇ ರಕ್ಷಣೆ. ತೀರಾ ಹತ್ತಿರ ಹೋದರೆ ವಿದ್ಯುತ್ ಗಾಳಿಯನ್ನೇ ದಾಟಿ ಮೈಗೆ ಹಾರಬಹುದು. ಕಾಗೆಯ ಎರಡೂ ಕಾಲು ಒಂದೇ ತಂತಿಯ ಮೇಲಿರುತ್ತವೆ. ಕರೆಂಟಿಗೆ ನೆಲ ಸೇರುವ ದಾರಿಯಿಲ್ಲ. ನಾವು ನಿಂತಿರುವುದೇ ನೆಲದ ಮೇಲೆ.

ಹಾಗಾಗಿ ಲೈನ್ ಕೆಳಗೆ ಗಾಳಿಪಟ, ಕಬ್ಬಿಣದ ಏಣಿ, ಉದ್ದದ ಪೈಪ್ ಬೇಡವೇ ಬೇಡ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಬೇರೆಯವರನ್ನೂ ಬಿಡಬೇಡಿ. 1912ಕ್ಕೆ ಕರೆ ಮಾಡಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.