ಹೊರದಾರಿಯಿಲ್ಲದ ಚಕ್ರವ್ಯೂಹ

ವ್ಯೂಹವನ್ನು ಹೊಗಲು ಬಲ್ಲ ಅಭಿಮನ್ಯುವಿಗೆ ಹೊರಬರುವ ಬಗೆ ತಿಳಿದಿರಲಿಲ್ಲ. ಆ ಸುತ್ತುಗೋಟೆ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯಲ್ಲಿ ಶಿಲ್ಪವಾಗಿ ನಿಂತಿದೆ. ಜಪಾನಿನ ತೋರು ಇವಾತಾನಿಯವರು 1980ರಲ್ಲಿ ರೂಪಿಸಿದ, ನಾಣ್ಯ ಹಾಕಿ ಆಡುವ ‘ಪ್ಯಾಕ್‌ಮ್ಯಾನ್’ ಯಂತ್ರದಾಟವೂ ಅಂಥದೇ ವ್ಯೂಹ. ಬಾಯ್ದೆರೆದ ಹಳದಿ ಉಂಡೆಯೊಂದು ಓಣಿಗಳಲ್ಲಿ ಸುತ್ತಿ 240 ಚುಕ್ಕೆಗಳನ್ನೂ 4 ದೊಡ್ಡ ಗುಳಿಗೆಗಳನ್ನೂ ನುಂಗಬೇಕು. ನಾಲ್ಕು ಭೂತಗಳು ಬೆನ್ನಟ್ಟುತ್ತವೆ. ಮುಟ್ಟಿದರೆ ಒಂದು ಪ್ರಾಣ ಹೋಯಿತು. ಮೊದಲ ಸುತ್ತುಗಳಲ್ಲಿ ಗುಳಿಗೆ ನುಂಗಿದೊಡನೆ ಅಟ್ಟಿದವೇ ನೀಲಿಗಟ್ಟಿ ಓಡತೊಡಗುತ್ತವೆ, ಕ್ಷಣಕಾಲ ಮಾತ್ರ. ಕೆಂಪು ಭೂತವು ಹಿಂದಿನಿಂದ ಅಟ್ಟಿದರೆ ಗುಲಾಬಿಯದು ಮುಂದೆ ಅಡ್ಡಗಟ್ಟಲು ನೋಡುತ್ತದೆ. ಪಕ್ಕದ ಸುರಂಗದಲ್ಲಿ ಎಲ್ಲವೂ ನಿಧಾನಿಸುತ್ತವೆ. ಈ ಗುಣಗಳನ್ನು ಅರಿತವರು ಬಹುದೂರ ಸಾಗಬಲ್ಲರು. ಆದರೆ 256ನೆಯ ಸುತ್ತಿನಲ್ಲಿ ಯಂತ್ರದ ಲೆಕ್ಕವೇ ತಪ್ಪಿ ಅರ್ಧ ಪರದೆ ಕಲಸಿಹೋಗುತ್ತದೆ. ಭೂತಗಳನ್ನು ಗೆದ್ದವರಿಗೂ ಅಲ್ಲಿಂದ ಹೊರದಾರಿಯಿಲ್ಲ.