ಊರ ಬಸ್ಸು, ಜನರ ಹೊತ್ತು

ಕಲಬುರಗಿಯ ಅಭ್ಯುದಯದ ಮಾತು ಬಂದಾಗಲೆಲ್ಲ ನಮ್ಮ ಮುಖಂಡರು ವಿಮಾನ ನಿಲ್ದಾಣವನ್ನೂ ವೇಗದ ರೈಲನ್ನೂ ಹೆಮ್ಮೆಯಿಂದ ಹೆಸರಿಸುವರು. ಹೆಮ್ಮೆಪಡತಕ್ಕ ಸಂಗತಿಗಳೇ ಅಹುದು. 2019ರ ನವೆಂಬರದಲ್ಲಿ ವಿಮಾನ ನಿಲ್ದಾಣವು ತೆರೆಯಿತು. 2024ರ ಮಾರ್ಚದಲ್ಲಿ ಬೆಂಗಳೂರಿಗೆ ವಂದೇ ಭಾರತ ಗಾಡಿಯು ಹೊರಟಿತು. ಆದರೆ ಶಹಾಬಜಾರ ನಾಕೆಯಲ್ಲಿ ನಿಂತು ರೈಲು ನಿಲ್ದಾಣಕ್ಕೋ ಸೇಡಂ ರಸ್ತೆಯ ಆಸ್ಪತ್ರೆಗೋ ಹೋಗಬೇಕಾದವನ ಪ್ರಶ್ನೆಯು ಇದಕ್ಕಿಂತ ಸಣ್ಣದು: ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಬರುವದು? 2011ರ ಜನಗಣತಿಯಲ್ಲಿಯೇ ಐದು ಲಕ್ಷವನ್ನು ಮೀರಿದ ನಗರದಲ್ಲಿ ಈ ಸಣ್ಣ ಪ್ರಶ್ನೆಗೆ ಖಚಿತವಾದ ಉತ್ತರವಿಲ್ಲದಿರುವದು ದೊಡ್ಡ ಕೊರತೆಯೆಂದು ನಾವು ಭಾವಿಸುತ್ತೇವೆ.

ಈ ಬರಹವನ್ನು ಓದುವ ಅಧಿಕಾರಿಗಳಲ್ಲಿಯೂ ವಕೀಲರಲ್ಲಿಯೂ ವ್ಯಾಪಾರಸ್ಥರಲ್ಲಿಯೂ ಹೆಚ್ಚಿನವರು ಬಸ್ಸಿಗಾಗಿ ಕಾಯುವವರಲ್ಲ. ಕಾಯುವವರು ಬೇರೆ. ಹೊರೆ ಹೊತ್ತ ಹೂವಿನವಳು, ಪರೀಕ್ಷೆಗೆ ಹೊರಟ ಹುಡುಗಿ, ಮಧ್ಯಾಹ್ನದೊಳಗೆ ವೈದ್ಯರನ್ನು ಕಾಣಬೇಕಾದ ಮುದುಕ, ತಡವಾದರೆ ಅರ್ಧ ದಿನದ ಕೂಲಿಯನ್ನು ಕಳೆದುಕೊಳ್ಳುವ ಕೆಲಸದಾಳು, ಇವರೇ ನಲ್ವತ್ತು ಡಿಗ್ರಿ ಮೀರುವ ಬೇಸಗೆಯಲ್ಲಿ ರಸ್ತೆಯ ಬದಿಗೆ ನಿಲ್ಲುವವರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಪ್ರಕಾರ ನಾಡಿನ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳ ಪ್ರಯಾಣವು ಉಚಿತವಾಗಿದೆ. ಒಳ್ಳೆಯದೇ ಆಯಿತು. ಆದರೆ ಟಿಕೀಟಿನ ಹಣವು ಮಾಫಿಯಾದರೂ ಕಾದ ಹೊತ್ತಿನ ಬೆಲೆಯು ಮಾಫಿಯಾಗಿಲ್ಲ. ಹೊತ್ತಿಗೆ ಬಾರದ ಬಸ್ಸು ಊಟಕ್ಕಿಲ್ಲದ ಉಪ್ಪಿನಕಾಯಿಯಂತೆ. ಅದನ್ನು ನಂಬಲಾರದೆ ಬಡವರು ಕೈಯಿಂದ ದುಡ್ಡು ಕೊಟ್ಟು ಆಟೋ ಹತ್ತುವರು.

ಇದಕ್ಕೆ ಸಾಮಾನ್ಯವಾಗಿ ಸೂಚಿಸಲ್ಪಡುವ ಪರಿಹಾರವು ಒಂದೇ: ಹೊಸ ಬಸ್ಸುಗಳನ್ನು ಕೊಳ್ಳಿರಿ. ಹೊಸ ಬಸ್ಸುಗಳು ಬೇಡವೆಂದು ನಾವು ಹೇಳುವದಿಲ್ಲ. ಆದರೆ ಇದ್ದ ಬಸ್ಸುಗಳು ಕ್ರಮವಾಗಿ ಬರುವಂತೆ ಮಾಡದೆ ಹೊಸವನ್ನು ತಂದರೆ ಗದ್ದಲವು ಹೆಚ್ಚೀತೇ ಹೊರತು ಕಾಯುವ ಹೊತ್ತು ಇಳಿಯದು. ಲೆಕ್ಕವು ಸುಲಭವಾಗಿದೆ. ಒಂದು ಮಾರ್ಗದಲ್ಲಿ ತಾಸಿಗೆ ಆರು ಬಸ್ಸುಗಳು ಹತ್ತು ಹತ್ತು ನಿಮಿಷಕ್ಕೊಂದರಂತೆ ಬಂದರೆ ಪ್ರಯಾಣಿಕನು ಸರಾಸರಿ 5 ನಿಮಿಷ ಕಾಯುವನು. ಅವೇ ಆರು ಬಸ್ಸುಗಳು ಎರಡೆರಡಾಗಿ ಜೊತೆಗೂಡಿ ಇಪ್ಪತ್ತು ನಿಮಿಷಕ್ಕೊಮ್ಮೆ ಬಂದರೆ ಅವನು ಸರಾಸರಿ 10 ನಿಮಿಷ ಕಾಯುವನು. ಬಸ್ಸುಗಳ ಸಂಖ್ಯೆಯೂ ಖರ್ಚೂ ಅಷ್ಟೇ. ಜನರ ಕಷ್ಟ ಮಾತ್ರ ಇಮ್ಮಡಿ.

ಬಸ್ಸುಗಳು ಹೀಗೆ ಜೊತೆಗೂಡುವದು ಚಾಲಕರ ದುರ್ಬುದ್ಧಿಯಿಂದಲ್ಲ. ಒಂದು ಬಸ್ಸು ತುಸು ತಡವಾಯಿತೆಂದರೆ ಮುಂದಿನ ತಂಗುದಾಣದಲ್ಲಿ ಅದಕ್ಕಾಗಿ ಹೆಚ್ಚು ಜನ ಕೂಡಿರುವರು. ಅವರೆಲ್ಲ ಹತ್ತುವಷ್ಟರಲ್ಲಿ ಅದು ಇನ್ನೂ ತಡವಾಗುವದು. ಹಿಂದಿನ ಬಸ್ಸಿಗೆ ಜನರೇ ಉಳಿಯದ ಕಾರಣ ಅದು ಬೇಗನೆ ಓಡಿ ಮುಂದಿನದನ್ನು ಹಿಡಿಯುವದು. ಮೊದಲನೆಯದರಲ್ಲಿ ಕಾಲಿಡಲು ಸ್ಥಳವಿಲ್ಲ, ಎರಡನೆಯದು ಬರಿದು. ಇದನ್ನು ತಪ್ಪಿಸುವ ಉಪಾಯವು ಬಹು ಸರಳವಾಗಿದೆ. ಸೂಪರ್ ಮಾರ್ಕೆಟ್ ನಿಲ್ದಾಣದಲ್ಲಿ ಮಾತ್ರವಲ್ಲದೆ ಮಾರ್ಗದ ನಡುವಿನ ಒಂದೆರಡು ಸ್ಥಳಗಳಲ್ಲಿಯೂ ಗಡಿಯಾರ ಹಿಡಿದ ನಿಯಂತ್ರಕನೊಬ್ಬನಿದ್ದು, ಮುಂಚೆ ಬಂದ ಬಸ್ಸನ್ನು ಎರಡು ನಿಮಿಷ ತಡೆದು ಅಂತರವನ್ನು ಸರಿಪಡಿಸಬೇಕು. ಹೊತ್ತಿಗೆ ಮೊದಲು ಯಾವ ಬಸ್ಸೂ ಹೊರಡಕೂಡದು.

ಇನ್ನು ವೇಗದ ಮಾತು. ಬಸ್ಸನ್ನು ಜೋರಾಗಿ ಓಡಿಸಿರೆಂದು ನಾವು ಎಂದಿಗೂ ಹೇಳೆವು. ಇಕ್ಕಟ್ಟಾದ ಪೇಟೆಯಲ್ಲಿ ಅದು ಪ್ರಾಣಹಾನಿಗೆ ಕಾರಣವಾದೀತು. ವೇಗವನ್ನು ಗಳಿಸತಕ್ಕದ್ದು ಬಸ್ಸು ನಿಂತಿರುವ ಹೊತ್ತಿನಲ್ಲಿ. ಒಂದು ಮಾರ್ಗದಲ್ಲಿ ಇಪ್ಪತ್ತು ತಂಗುದಾಣಗಳಿದ್ದು, ಪ್ರತಿಯೊಂದರಲ್ಲಿಯೂ ಕೇವಲ 15 ಸೆಕೆಂಡು ಉಳಿಸಿದರೆ ಹೋಗುವಾಗ 5 ನಿಮಿಷ, ಬರುವಾಗ 5 ನಿಮಿಷ ಉಳಿಯುವದು. ಹೋಗಿಬರುವದಕ್ಕೆ 80 ನಿಮಿಷ ಹಿಡಿಯುವ ಮಾರ್ಗದಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಬಿಡಲು ಎಂಟು ಬಸ್ಸುಗಳು ಬೇಕು. 70 ನಿಮಿಷಕ್ಕಿಳಿದರೆ ಏಳು ಸಾಕು. ಎಂಟನೆಯದು ಕಾಸಿಲ್ಲದೆ ದೊರೆತ ಹೊಸ ಬಸ್ಸು!

ಈ ಹದಿನೈದು ಸೆಕೆಂಡುಗಳನ್ನು ಉಳಿಸುವದು ಹೇಗೆ? ಹತ್ತುವ ಬಾಗಿಲು, ಇಳಿಯುವ ಬಾಗಿಲು ಬೇರೆಯಾಗಿರಲಿ. ಉಚಿತ ಪ್ರಯಾಣಕ್ಕೂ ಶೂನ್ಯ ಟಿಕೀಟು ಕೊಡಬೇಕಾಗಿರುವದರಿಂದ ಕಂಡಕ್ಟರನ ಕೆಲಸವು ಹಗುರವಾಗಿಲ್ಲ. ಆದ ಕಾರಣ ದಟ್ಟಣೆಯ ಹೊತ್ತಿನಲ್ಲಿ ದೊಡ್ಡ ನಿಲ್ದಾಣಗಳಲ್ಲಿ ಬಸ್ಸು ಬರುವ ಮೊದಲೇ ನೆಲದ ಮೇಲೆ ನಿಂತು ಟಿಕೀಟು ಕೊಡುವ ಒಬ್ಬ ಸಿಬ್ಬಂದಿಯಿರಲಿ. ಇದು ಹೊಸ ಶೋಧವಲ್ಲ. 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಆರಂಭವಾದ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸುಗಳಿಗೆ ಜನರು ನಿಲ್ದಾಣದಲ್ಲಿಯೇ ಟಿಕೀಟು ಪಡೆದು ಹತ್ತುವ ಏರ್ಪಾಡಾಯಿತು. ಅಲ್ಲಿಯಂತೆ ಬಸ್ಸಿಗೇ ಮೀಸಲಾದ ರಸ್ತೆಯನ್ನು ನಮ್ಮ ಹಳೆಯ ಪೇಟೆಯಲ್ಲಿ ನಿರ್ಮಿಸುವದು ಸಾಧ್ಯವಲ್ಲ. ಆದರೆ ಆ ಪದ್ಧತಿಯನ್ನು ತರುವದಕ್ಕೆ ಯಾವ ಗೋಡೆಯನ್ನೂ ಕೆಡವಬೇಕಾಗಿಲ್ಲ. ಬಸ್ಸು ಯಾವಾಗ ಬರುವದೆಂದು ಫಲಕದ ಮೇಲೆ ತೋರಿಸುವ ವ್ಯವಸ್ಥೆಯು ಮೈಸೂರಿನಲ್ಲಿ 2012ರಲ್ಲಿಯೇ ಜಾರಿಗೆ ಬಂದಿತು. ಮೈಸೂರಿಗೆ ಸಂದದ್ದು ಕಲಬುರಗಿಗೆ ಏಕೆ ಸಲ್ಲಬಾರದು?

ಇಷ್ಟಾದರೂ ತಂಗುದಾಣದ ಸ್ಥಳವನ್ನು ಆಟೋಗಳೂ ಕಾರುಗಳೂ ಆಕ್ರಮಿಸಿದರೆ ಬಸ್ಸು ರಸ್ತೆಯ ನಡುವೆ ನಿಲ್ಲಬೇಕಾಗುವದು. ಮುದುಕರೂ ಮಕ್ಕಳೂ ವಾಹನಗಳ ನಡುವೆ ಓಡಬೇಕಾಗುವದು. ಆ ಸ್ಥಳವನ್ನು ಬಣ್ಣದ ಗೆರೆಯಿಂದ ಗುರುತಿಸುವದು ಮಹಾನಗರ ಪಾಲಿಕೆಯ ಕರ್ತವ್ಯ. ಅದನ್ನು ಬರಿದಾಗಿಡುವದು ಪೋಲೀಸರ ಕರ್ತವ್ಯ. ಬಸ್ಸನ್ನು ಅಲ್ಲಿಗೆ ಹೊತ್ತಿಗೆ ತರುವದು ಸಾರಿಗೆ ನಿಗಮದ ಕರ್ತವ್ಯ. ತಳ್ಳುಗಾಡಿಯ ಬಡ ವ್ಯಾಪಾರಿಗಳನ್ನು ಲಾಠಿಯಿಂದ ಅಟ್ಟಬೇಕೆಂಬದು ನಮ್ಮ ಅಭಿಪ್ರಾಯವಲ್ಲ; ಹತ್ತು ಮಾರು ಆಚೆಗೆ ಅವರಿಗೊಂದು ನೆಲೆಯನ್ನು ಕೊಟ್ಟರೆ ಅವರ ಹೊಟ್ಟೆಗೂ ಊನವಿಲ್ಲ, ಬಸ್ಸಿಗೂ ಅಡ್ಡಿಯಿಲ್ಲ. ಮೂರು ಕಚೇರಿಗಳ ಕೆಲಸವೆಂದರೆ ಯಾರ ಕೆಲಸವೂ ಅಲ್ಲವೆಂಬಂತಾಗಬಾರದು. ಜಿಲ್ಲಾಧಿಕಾರಿಗಳು ಮೂವರನ್ನೂ ಒಂದು ಮೇಜಿನ ಸುತ್ತ ಕೂಡ್ರಿಸಿ, ಹೊಣೆಗಾರನಾದ ಒಬ್ಬ ಅಧಿಕಾರಿಯ ಹೆಸರನ್ನು ಪ್ರಕಟಿಸಲಿ.

ನಗರದ ಬಸ್ಸಿನಿಂದ ಲಾಭವಿಲ್ಲ, ಹಣವೆಲ್ಲಿಂದ ಬಂದೀತು ಎಂದು ಕೇಳುವವರುಂಟು. ನಾವು ಮೇಲೆ ಹೇಳಿದ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ನಿಗಾ. ಅಲ್ಲದೆ 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯು ದಕ್ಷವೂ ಸಾಕಷ್ಟೂ ಮಿತವ್ಯಯದ್ದೂ ಸುಸಂಘಟಿತವೂ ಆದ ಸಾರಿಗೆಯನ್ನು ಒದಗಿಸುವದನ್ನೇ ಇಂಥ ನಿಗಮಗಳ ಧರ್ಮವೆಂದು ವಿಧಿಸಿದೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿಯು ನಮ್ಮ ನಗರದಲ್ಲಿಯೇ ಇದೆ. ಪ್ರತಿಯೊಂದಕ್ಕೂ ಬೆಂಗಳೂರಿನತ್ತ ನೋಡಬೇಕಾದದ್ದಿಲ್ಲ. ಸಂವಿಧಾನದ 371(ಜೆ) ವಿಧಿಯ ಫಲವಾಗಿ ಈ ಪ್ರಾಂತಕ್ಕೆಂದೇ ಒಂದು ಅಭಿವೃದ್ಧಿ ಮಂಡಳಿಯೂ ಇದೆ. ಆ ನಿಧಿಯ ಅಲ್ಪಾಂಶವು ತಂಗುದಾಣದ ನೆರಳಿಗೆ ಸಂದರೆ ಅದು ದುರ್ವ್ಯಯವಾಗದು.

ನಿಜಾಮರ ರೈಲ್ವೆ ಇಲಾಖೆಯು 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆಯನ್ನು ಆರಂಭಿಸಿದಾಗ ಈ ಭಾಗದ ಪ್ರಜೆಗೆ ಸರಕಾರವನ್ನು ಪ್ರಶ್ನಿಸುವ ಅಧಿಕಾರವಿರಲಿಲ್ಲ. 1948ರ ಸಪ್ಟೆಂಬರ 17ರ ತರುವಾಯ ಆ ಅಧಿಕಾರವು ನಮ್ಮದಾಯಿತು. ಅದನ್ನುಪಯೋಗಿಸಿ ನಾವು ಕೇಳುವದಿಷ್ಟೇ: ಪ್ರತಿ ತಿಂಗಳು ಯಾವ ಮಾರ್ಗದಲ್ಲಿ ಎಷ್ಟು ಸರತಿಗಳು ಗೊತ್ತಾಗಿದ್ದವು, ಎಷ್ಟು ಓಡಿದವು, ಎಷ್ಟು ಹೊತ್ತಿಗೆ ಸರಿಯಾಗಿ ಮುಟ್ಟಿದವು ಎಂಬ ಲೆಕ್ಕವನ್ನು ನಿಗಮವು ಜನರ ಮುಂದಿಡಲಿ. ಅದನ್ನು ಅಚ್ಚು ಹಾಕಲು ನಮ್ಮ ಪತ್ರಿಕೆಯ ಒಂದು ಅಂಕಣವನ್ನು ಯಾವ ಶುಲ್ಕವೂ ಇಲ್ಲದೆ ಬಿಟ್ಟುಕೊಡುವೆವು. ಲೆಕ್ಕವು ಚೆನ್ನಾಗಿದ್ದರೆ ಮೊದಲು ಹೊಗಳುವವರೂ ನಾವೇ. ಅಷ್ಟರಲ್ಲಿ, ಹೊಣೆ ಹೊತ್ತ ಅಧಿಕಾರಿಗಳು ಒಂದು ವಾರ ತಮ್ಮ ಕಾರನ್ನು ಮನೆಯಲ್ಲಿ ಬಿಟ್ಟು, ಯಾರಿಗೂ ತಿಳಿಸದೆ, ಶಹಾಬಜಾರದಿಂದ ಬಸ್ಸು ಹತ್ತಿ ಕಚೇರಿಗೆ ಹೋಗಿ ನೋಡಬೇಕೆಂದು ವಿನಂತಿಸುತ್ತೇವೆ.